ಧೂಳು ಕಾಯ್ದ ರವಿವಾರ

ಮುಕ್ತಾಬಾಯಿಯವರ ಮುಂದೆ ಧೂಳಿನ ಮಾತು ತೆಗೆಯಬಾರದಿತ್ತು. ತೆಗೆದ ಮೇಲೆ ಜ್ಯೋತ್ಸ್ನಾಗೆ ಅದು ಹೊಳೆಯಿತು.

ಜ್ಯೋತ್ಸ್ನಾ ಕುಂದಗೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಕೆ. ಹಿಂದಿನ ರಾತ್ರಿ ಮಾಳಿಗೆಯ ಮೇಲೆ ದೂರದರ್ಶಕ ನಿಲ್ಲಿಸಿ, ಅದಕ್ಕೆ ಕ್ಯಾಮೆರಾ ಜೋಡಿಸಿ, ನೀಹಾರಿಕೆಯೊಂದರ ಫೋಟೊ ತೆಗೆದಿದ್ದಳು. ಮುಂಜಾನೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಚಿಕ್ಕೆಗಳ ನಡುವೆ ಮಬ್ಬು ಉಂಗುರಗಳು. ಚಹಾ ತಂದ ಅತ್ತೆ ಮುಕ್ತಾಬಾಯಿ ಬಗ್ಗಿ ನೋಡಿದರು.

“ಆಕಾಶದಾಗ ಕೋಡಬಳಿ ಅವ ಏನ?”

“ಕೋಡಬಳಿ ಅಲ್ಲರಿ ಅತ್ಯಾ, ಧೂಳು. ಕ್ಯಾಮೆರಾದ ಒಳಗಿನ ಗಾಜಿನ ಮ್ಯಾಲೆ ಕೂತದ.”

ಮುಕ್ತಾಬಾಯಿ ಆಗಲೇ ಸೆರಗು ಸೊಂಟಕ್ಕೆ ಸಿಗಿಸಿದ್ದರು. “ಎಲ್ಲೆದ ತೋರಸು, ಒರಸ್ತೇನಿ.”

“ಬ್ಯಾಡ್ರಿ. ಸಂಜಿತನಕ ಅದು ಅಲ್ಲೇ ಇರಬೇಕು.”

ಜ್ಯೋತ್ಸ್ನಾ ಬಿಡಿಸಿ ಹೇಳಿದಳು. ಸಂಜೆ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಬರಿಯ ಬೆಳಕಿನ ಫೋಟೊ ತೆಗೆಯಬೇಕು. ಅದರಲ್ಲಿ ಧೂಳಷ್ಟೇ ಮೂಡುತ್ತದೆ. ಅದನ್ನು ನೋಡಿಕೊಂಡು ಕಂಪ್ಯೂಟರು ಚಿಕ್ಕೆಗಳ ಫೋಟೊದಿಂದ ಉಂಗುರ ಅಳಿಸುತ್ತದೆ. ಅಷ್ಟರೊಳಗೆ ಧೂಳು ಜರುಗಿತೋ, ರಾತ್ರಿಯ ದುಡಿತವೆಲ್ಲ ನೀರುಪಾಲು.

“ಅಂದರ ನೀ ಧೂಳಿನ ಫೋಟೊ ತೆಗೀತಿ.”

“ಹೌದ್ರಿ.”

ಮುಕ್ತಾಬಾಯಿಯವರ ಕಣ್ಣು ಮಾಳಿಗೆಯ ಮೆಟ್ಟಿಲ ಕಡೆ ಹೋಯಿತು. ಜ್ಯೋತ್ಸ್ನಾಗೆ ಅದೇ ಹೆದರಿಕೆಯಾಯಿತು. ಸ್ನಾನಕ್ಕೆ ಹೋಗುವಾಗ ಮಾವ ವೆಂಕಣ್ಣನವರನ್ನು ಮಾಳಿಗೆಯಲ್ಲಿ ದೂರದರ್ಶಕಕ್ಕೆ ಕಾವಲು ಕೂಡಿಸಿದಳು. ಮುಕ್ತಾಬಾಯಿ ಮೆಣಸಿನಕಾಯಿ ಒಣಹಾಕಲು ಬಂದರು, ಹೊರಳಿಸಲು ಬಂದರು, ಎಣಿಸಲೂ ಬಂದರು. ಪ್ರತಿ ಸಲವೂ ಕೈಯಲ್ಲೊಂದು ಒದ್ದೆ ಅರಿವೆ.

“ಮುಟ್ಟಬ್ಯಾಡ, ಅದು ಸೊಸಿ ಧೂಳು,” ಎಂದರು ವೆಂಕಣ್ಣ.

“ಧೂಳು ಆಕೀದಿರಬಹುದು, ಮನಿ ನಂದು.”

ಹೇಗೋ ಹೊತ್ತು ಮುಳುಗಿತು. ಆಗ ಗೊತ್ತಾಯಿತು, ಮನೆಯ ಚಾದರಗಳಿಗೆಲ್ಲ ಹೂವಿನ ಚಿತ್ರ. ಅಚ್ಚ ಬಿಳಿ ಇದ್ದದ್ದು ವೆಂಕಣ್ಣನವರು ಉಟ್ಟ ಧೋತರವೊಂದೇ. ಬೆಳಕು ಇಳಿಯುತ್ತಿತ್ತು. ಸೊಸೆಯ ಮುಖ ನೋಡಿ ಅವರು ನೀರಿನ ಟಾಕಿಯ ಹಿಂದೆ ಹೋದರು. ಧೋತರ ಈಚೆ ಬಂತು. ಅವರು ಟವೆಲ್ ಸುತ್ತಿಕೊಂಡು ಅಲ್ಲೇ ಉಳಿದರು.

ಜ್ಯೋತ್ಸ್ನಾ ಅದನ್ನು ದೂರದರ್ಶಕದ ಬಾಯಿಗೆ ಹೊದಿಸುತ್ತಿದ್ದಂತೆ ಮುಕ್ತಾಬಾಯಿ ತಡೆಯಲಾರದೆ ಮುಂದೆ ಬಂದರು. “ಇದರ ಮ್ಯಾಲೆ ಸಾರಿನ ಕಲಿ ಅದ. ಹಿಂಗ ಮುದುಡಿ ಮುದ್ದಿ ಮಾಡಿ ಕಟ್ಟತಾರೇನು? ಅತ್ತಾಗ ಸರಿ.” ಕಲೆ ಒಂದು ಬದಿಗೆ ಹೋಯಿತು. ಅವರು ಬಟ್ಟೆಯನ್ನು ಎಷ್ಟು ಬಿಗಿಯಾಗಿ ಎಳೆದು ಹಿಡಿದರೆಂದರೆ ಒಂದು ನಿರಿಗೆಯೂ ಉಳಿಯಲಿಲ್ಲ. ಜ್ಯೋತ್ಸ್ನಾ ಫೋಟೊ ತೆಗೆಯುತ್ತಲೇ ಹೋದಳು.

“ಮುಗೀತೇನ್ವಾ?” ಟಾಕಿಯ ಹಿಂದಿನಿಂದ ದನಿ ಬಂತು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ತೆಗೆಯಲು ಬಂದಿದ್ದ ಜುಲೇಖಾಬಿ ಟಾಕಿಯನ್ನೂ ಧೋತರವನ್ನೂ ನೋಡಿ, ಮರ್ಯಾದೆಗೆ ಮುಖ ತಿರುವಿದರು.

ಕೆಳಗೆ ಲ್ಯಾಪ್‌ಟಾಪಿನಲ್ಲಿ ಉಂಗುರಗಳು ಮಾಯವಾಗಿ ನೀಹಾರಿಕೆ ತಿಳಿಯಾಗಿ ಅರಳಿತು. ಜ್ಯೋತ್ಸ್ನಾ ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು.

“ನೋಡು, ಹೋತು,” ಎಂದರು ಮುಕ್ತಾಬಾಯಿ. “ಸ್ವಚ್ಛ ಕೈ ಬೇಕು ಎಲ್ಲಾದಕ್ಕೂ.”

ಮರುದಿನ, ಧೋತರ ಹಿಡಿದು ಕಲೆ ತೆಗೆದ ಸುದ್ದಿಯನ್ನು ಮುಕ್ತಾಬಾಯಿಯವರಿಂದ ಕೇಳಿದ ಜುಲೇಖಾಬಿ ತಮ್ಮ ಮದುವೆಯ ಹಳೆಯ ಫೋಟೊ ಹಿಡಿದು ಬಂದರು. “ಇದಕ್ಕೂ ಕಲಿ ಹತ್ಯಾವ್ರಿ ಅಕ್ಕಾರ. ನಿಮ್ಮ ಯಜಮಾನ್ರ ಧೋತರಾ ಒಂದ್ಸಲ ಹಿಡೀರಿ.”

ಮಾವ ಇದ್ದ ಒಳಕೋಣೆಯ ಚಿಲಕ ಬಿದ್ದ ಸಪ್ಪಳ ಜ್ಯೋತ್ಸ್ನಾಗೆ ಕೇಳಿಸಿತು.