ದೊಡ್ಡಗಂಗಮ್ಮ ಈಸ್ಕೊಂಡದ್ದು

ಕುಣಿಗಲ್ಲಿನ ಪ್ರಾರ್ಥನಾ ಮಂದಿರದಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಪಾಠ ಹೇಳುತ್ತಿದ್ದವಳು ಪ್ರಿಸಿಲ್ಲಾ. ಅಮೃತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮುದುಕಿ ದೊಡ್ಡಗಂಗಮ್ಮನಿಗೆ ನಾಲ್ಕು ತಿಂಗಳಾದರೂ ಬೈಬಲಿನ ಹತ್ತು ಆಜ್ಞೆಗಳಲ್ಲಿ ಮೂರಕ್ಕಿಂತ ಹೆಚ್ಚು ಬಾಯಿಗೆ ಬರುತ್ತಿರಲಿಲ್ಲ. ಪಾಠದ ನಡುವೆಯೇ ತೂಕಡಿಸುತ್ತಿದ್ದಳು.

"ಈ ಭಾನುವಾರ ಪಾಸ್ಟರ್ ಎಲ್ಲರ ಮುಂದೆ ಕೇಳ್ತಾರೆ. ಹೇಳಿ ಅಜ್ಜಿ, ಪಾಪದಿಂದ ರಕ್ಷಣೆ ಅಂದ್ರೇನು?" ಪ್ರಿಸಿಲ್ಲಾಳ ದನಿ ಗಡುಸಾಯಿತು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆಯಪ್ಪ ಕೊಟ್ಟ ಕಣವ್ವಾ, ನಾನು ಈಸ್ಕೊಂಡೆ."

"ಅಷ್ಟೇನಾ? ಸುಮ್‌ಸುಮ್ನೆ ಕೊಡ್ತಾನಾ? ನೀವೇನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ. ನನ್ ಕಂಡ್ರೆ ಅವ್ನಿಗೆ ಖುಷಿ" ಎಂದು ಅಜ್ಜಿ ನಾಚಿ ನಕ್ಕಳು.

ಪ್ರಿಸಿಲ್ಲಾಳಿಗೆ ರೇಗಿತು. ಹನ್ನೊಂದು ವರ್ಷದಿಂದ ಅವಳು ಒಂದು ಉಪವಾಸವನ್ನೂ ತಪ್ಪಿಸಿರಲಿಲ್ಲ. ಬೈಬಲ್ ವಾಕ್ಯಗಳ ಪರೀಕ್ಷೆಯಲ್ಲಿ ತುಮಕೂರಿಗೇ ಮೊದಲಿಗಳಾಗಿದ್ದಳು. ಆದರೂ ತನ್ನನ್ನು ಕಂಡರೆ ದೇವರಿಗೆ ಖುಷಿ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಭಾನುವಾರ ಅಜ್ಜಿ ಆಜ್ಞೆಗಳನ್ನೆಲ್ಲ ತಪ್ಪು ತಪ್ಪಾಗಿ ಹೇಳಿದಳು. ರಕ್ಷಣೆಯ ಪ್ರಶ್ನೆಗೆ ಅದೇ ಉತ್ತರ ಕೊಟ್ಟಳು. ಪಾಸ್ಟರ್, "ಇವ್ರಿಗೇ ಮೊದಲು ದೀಕ್ಷಾಸ್ನಾನ ಕೊಡೋಣ" ಎಂದರು. ಪ್ರಿಸಿಲ್ಲಾ ಹಲ್ಲು ಕಚ್ಚಿ ಕೂತಳು.

ನೀರಿನಿಂದ ಎದ್ದ ಅಜ್ಜಿಗೆ ಟವೆಲ್ ಹೊದಿಸಲು ಅವಳೇ ಹೋಗಬೇಕಾಯಿತು. ಅಜ್ಜಿ ಚಳಿಗೆ ನಡುಗುತ್ತಲೇ, "ನೀನೂ ಈಸ್ಕಳವ್ವಾ. ಎಷ್ಟು ದಿನಾಂತ ಹಿಂಗೇ ದುಡೀತೀಯಾ?" ಎಂದಳು.

ಪ್ರಿಸಿಲ್ಲಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಜ್ಜಿಯ ಒದ್ದೆ ತಲೆ ಒರೆಸುತ್ತಾ ಒರೆಸುತ್ತಾ ಅವಳು ಅಳತೊಡಗಿದಳು.