ಕ್ಲಾವ್ದಿಯಾ ಹೊತ್ತ ಕಲ್ಲು

ಅವಾಚಾ ಜ್ವಾಲಾಮುಖಿಯ ಬುಡದ ಭೂವಿಜ್ಞಾನಿಗಳ ಶಿಬಿರದಲ್ಲಿ ಹತ್ತೊಂಬತ್ತು ವರ್ಷ ಕಲ್ಲು ಹೊತ್ತ ಕ್ಲಾವ್ದಿಯಾಳಿಗೆ ಇದ್ದದ್ದು ಒಂದೇ ಆಸೆ: ಯಾವುದಾದರೂ ಒಂದು ಕಲ್ಲಿನ ಪಕ್ಕ ತನ್ನ ಹೆಸರು ಅಚ್ಚಾಗಬೇಕು. ಈ ಬೇಸಿಗೆಯಲ್ಲಿ ಆ ಕಲ್ಲೂ ಸಿಕ್ಕಿತು. ಲಾವಾ ಉಕ್ಕುವಾಗ ಭೂಮಿಯ ಚಿಪ್ಪಿನ ಕೆಳಗಿನ ಮ್ಯಾಂಟಲ್ ಪದರದಿಂದ ಕಿತ್ತು ತಂದ, ಮುಷ್ಟಿಗಾತ್ರದ ಹಸಿರು ತುಣುಕು. ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಅಷ್ಟು ಆಳದಲ್ಲಿ ಬಿಸಿ ದ್ರವ ನುಗ್ಗಿ ಕಲ್ಲಿನ ರಸಾಯನವನ್ನೇ ಬದಲಿಸಿದ ಗುರುತು ಅದು. ಗೆರೆಯನ್ನು ಓದಿದವಳು ಅವಳೇ, ಅದರ ಬಗ್ಗೆ ಬರೆದವಳೂ ಅವಳೇ.

ಮುಖ್ಯಸ್ಥ ಗೆರ್ಮನ್ ಲ್ವೊವಿಚ್ ಆ ಬರಹದಲ್ಲಿ ಅವಳ ಹೆಸರು ಹೊಡೆದುಹಾಕಿ ತನ್ನದನ್ನು ಬರೆದುಕೊಂಡ. "ಇಬ್ಬರ ಹೆಸರು ಹಾಕಿದ್ರೆ ಸಾಲು ಉದ್ದ ಆಗುತ್ತೆ, ಕ್ಲಾವ್ದಿಯಾ ಪ್ರೊಕೊಪ್ಯೇವ್ನಾ," ಎಂದ. ಮೊಣಕಾಲು ನೋವೆಂದು ಹತ್ತು ವರ್ಷದಿಂದ ಶಿಬಿರದ ಮೆಟ್ಟಿಲನ್ನಷ್ಟೇ ಹತ್ತಿದ ಮಹಾನುಭಾವ ಈತ.

ಬರಹ ಅಚ್ಚಿಗೆ ಹೋಗುವ ಮೊದಲು ಕಲ್ಲು ನೋಡಲು ಮಾಸ್ಕೋದಿಂದ ಹಿರಿಯ ವಿಜ್ಞಾನಿ ರಿಮ್ಮಾ ಸವೇಲ್ಯೆವ್ನಾ ಬಂದರು. ಮುಷ್ಟಿಗಾತ್ರದ ಕಲ್ಲು ಗೆರ್ಮನ್‌ನ ಘನತೆಗೆ ಸಾಲಲಿಲ್ಲ. ಹೊರಗೆ ರಾಶಿಯಲ್ಲಿ ಬಿದ್ದಿದ್ದ, ಕುಂಬಳಕಾಯಿ ಗಾತ್ರದ, ಅಂಚೆಲ್ಲ ಕೆಂಪಾದ ಕಲ್ಲೊಂದನ್ನು ಎತ್ತಿ ತಂದು ಮೇಜಿನ ಮೇಲಿಟ್ಟ. ಅದನ್ನು ಕಂಡು ಕ್ಲಾವ್ದಿಯಾ ಏನೋ ಹೇಳಲು ಬಾಯಿ ತೆರೆದಳು. "ನೀವು ಚಹಾ ನೋಡ್ಕೊಳ್ಳಿ," ಎಂದ. ಸರಿ, ಅವಳು ಚಹಾ ನೋಡಿಕೊಂಡಳು.

"ನಾನೇ ಬೆನ್ನ ಮೇಲೆ ಹೊತ್ತು ಇಳಿಸಿದ್ದು," ಎಂದು ಗೆರ್ಮನ್ ಶುರುಮಾಡಿದ. "ಈ ಕೆಂಪು ನೋಡಿ. ನಲವತ್ತು ಕಿಲೋಮೀಟರ್ ಆಳದಲ್ಲಿ ದ್ರವ ತಾಗಿ ಆದ ಬದಲಾವಣೆ."

ರಿಮ್ಮಾ ಹಳೇ ಕಾಲದವರು. ಒದ್ದೆಯಾದರೆ ಹರಳು ಚೆನ್ನಾಗಿ ಕಾಣುತ್ತದೆಂದು ಕಲ್ಲನ್ನು ಮೊದಲು ನೆಕ್ಕಿ ಆಮೇಲೆ ನೋಡುವವರು. ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು.

"ದ್ರವ ತಾಗಿದ್ದು ನಿಜ ಕಣಪ್ಪ. ಕ್ವಾಸ್ ರುಚಿ ಇದೆ. ಬರ್ಚ್ ಎಲೆನೂ ಅಂಟ್ಕೊಂಡಿದೆ."

ಹಿಂದಿನ ದಿನವಷ್ಟೇ ಶಿಬಿರದ ಉಗಿಸ್ನಾನದ ಮನೆಯಲ್ಲಿ ಒಲೆಗೆ ಹೊಸ ಕಲ್ಲು ಜೋಡಿಸಿ ಬೆಂಕಿಗೆ ಕೆಂಪಾದ ಹಳೆಯದನ್ನು ಹೊರಗೆ ರಾಶಿ ಹಾಕಿದ್ದರು. ಉಗಿ ಘಮಘಮಿಸಲೆಂದು ಕಾದ ಕಲ್ಲಿನ ಮೇಲೆ ವಾರವಾರವೂ ರೊಟ್ಟಿ ಹುಳಿಸಿ ಮಾಡಿದ ಕ್ವಾಸ್ ಪಾನೀಯ ಎರಚಿ, ಬರ್ಚ್ ಸೊಪ್ಪಿನ ಕಟ್ಟಿನಿಂದ ಮೈ ಬಡಿದುಕೊಳ್ಳುವವರಲ್ಲಿ ಗೆರ್ಮನ್ನೇ ಮೊದಲಿಗ.

ಅವನ ಮುಖ ಕಲ್ಲಿನ ಅಂಚಿನ ಬಣ್ಣಕ್ಕೆ ತಿರುಗಿತು. "ಇದು ಕ್ಲಾವ್ದಿಯಾ ಪ್ರೊಕೊಪ್ಯೇವ್ನಾ ತಂದಿದ್ದು," ಎಂದ. "ಬರಹದಲ್ಲೂ ಅವರ ಹೆಸರೇ ಇರಬೇಕಿತ್ತು."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು. ಹತ್ತೊಂಬತ್ತು ವರ್ಷ ಕಾದ ಮಾತು ಹೀಗೆ ಬಂತಲ್ಲ ಎಂದು ಕ್ಲಾವ್ದಿಯಾಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. ಲೋಟ ಕೆಳಗಿಟ್ಟು ಜೇಬಿನಿಂದ ಹಸಿರು ತುಣುಕು ತೆಗೆದಳು. ಅದರ ಮೇಲೆ ಅವಳ ಕೈಬರಹದಲ್ಲಿ ಸಂಖ್ಯೆ, ತಾರೀಕು ಇದ್ದವು.

"ಹೆಸರಿನ ವಿಷಯದಲ್ಲಿ ಅವರು ಹೇಳಿದ್ದು ಸರಿ, ರಿಮ್ಮಾ ಸವೇಲ್ಯೆವ್ನಾ. ನನ್ನ ಹೆಸರನ್ನ ಇದರ ಪಕ್ಕ ಬರ್ಕೊಳ್ಳಿ. ಆ ದೊಡ್ಡದು ಮಾತ್ರ ಅವರದೇ. ಸ್ನಾನದ ಮನೆ ರಾಶಿಯಿಂದ ಈ ಮೇಜಿನವರೆಗೆ ಅವರೇ ಹೊತ್ತು ತಂದಿದ್ದು."