ಮಷೀನಿಗೆ ಹೋಗದ ತಟ್ಟೆ

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಮೈದುನ ಡಿಶ್‌ವಾಷರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತನೆಂದರೆ ಅಡುಗೆಮನೆಯ ಕಡೆ ಯಾರೂ ಸುಳಿಯುತ್ತಿರಲಿಲ್ಲ. ತಳದ ಫಿಲ್ಟರನ್ನು ತಿರುಗಿಸಿ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವನು. ನೀರು ಚಿಮ್ಮುವ ರೆಕ್ಕೆಯ ಒಂದೊಂದು ತೂತಿಗೂ ಸೂಜಿ ಹಾಕಿ, ಸಿಕ್ಕಿಕೊಂಡ ನಿಂಬೆಬೀಜವನ್ನೋ ಮೊಟ್ಟೆಯ ಚಿಪ್ಪನ್ನೋ ಎಬ್ಬಿಸುವನು. ಬಾಗಿಲಿನ ರಬ್ಬರಿನ ಸಂದಿಯಲ್ಲಿ ಕೂತ ಜಿಡ್ಡನ್ನು ಬಟ್ಟೆಯಿಂದ ಒರೆಸುವನು. ಲಿಫ್ಟ್ ರಿಪೇರಿ ಮಾಡುವ ಕೈ ಅದು, ಯಂತ್ರವೆಂದರೆ ಸುಮ್ಮನಿರುವುದಿಲ್ಲ. ಇಷ್ಟೆಲ್ಲ ಮಾಡಿ ಮುಗಿಸಿ, ಮನೆಯವರ ತಟ್ಟೆಗಳನ್ನು ಜೋಡಿಸಿ, ಗುಂಡಿ ಒತ್ತಿ, ಆಮೇಲೆ ತನ್ನ ತಟ್ಟೆ ಲೋಟಗಳನ್ನು ಬಾಲ್ಕನಿಯ ನಲ್ಲಿಗೆ ಒಯ್ದು ಕೈಯಲ್ಲೇ ತೊಳೆದುಕೊಳ್ಳುತ್ತಿದ್ದ. ಅವನ ತಟ್ಟೆ ಆ ಮಷೀನಿಗೆ ಹೋಗುತ್ತಿರಲಿಲ್ಲ.

ಅತ್ತಿಗೆಯನ್ನು ಕೆಟ್ಟವಳೆಂದು ತೀರ್ಮಾನಿಸಿಬಿಟ್ಟರೆ ಕತೆ ಹೇಳುವವರ ಕೆಲಸ ಹಗುರವಾಗುತ್ತದೆ. ಆದರೆ ಆ ಮನುಷ್ಯನನ್ನು ಬದುಕಿಸಿದವಳೇ ಅವಳು. ಕೆಲವು ವರ್ಷಗಳ ಹಿಂದೆ ಅವನಿಗೆ ಕ್ಷಯ ಹತ್ತಿದಾಗ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೆಮ್ಮುತ್ತ ಬಿದ್ದಿದ್ದವನನ್ನು ಮನೆಗೆ ಕರೆತಂದವಳು ಅವಳು. ಮಹಡಿಯ ಕೋಣೆಗೆ ಬಿಸಿ ಊಟ ಹೊತ್ತಳು. ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡದೆ ಕೆಳಗಿಳಿಯುತ್ತಿರಲಿಲ್ಲ. ಆಗ ಮಗಳು ಇನ್ನೂ ಅಂಬೆಗಾಲಿಡುವ ಕೂಸು. ಅದರ ಎದೆ ಗೊರಗೊರ ಎಂದಾಗಲೆಲ್ಲ ಅವಳ ಪ್ರಾಣ ಬಾಯಿಗೆ ಬರುತ್ತಿತ್ತು. ಆ ಭಯದಲ್ಲಿ ಬೇರೆಯಾದ ತಟ್ಟೆ ಬೇರೆಯಾಗಿಯೇ ಉಳಿಯಿತು.

"ಪೂರ್ತಿ ವಾಸಿಯಾಗಿದೆ. ಅಷ್ಟಕ್ಕೂ ಈ ಕಾಯಿಲೆ ತಟ್ಟೆ ಲೋಟದಿಂದ ಹರಡೋದೇ ಅಲ್ಲ" ಎಂದು ಡಾಕ್ಟರು ಅವಳೆದುರಿಗೇ ಹೇಳಿದ್ದರು. ಅವಳು ತಲೆಯಾಡಿಸಿದ್ದಳು. ಮನೆಗೆ ಬಂದು ಅವನ ತಟ್ಟೆಯನ್ನು ಕಿಟಕಿ ಪಕ್ಕದ ಗೂಡಿನಲ್ಲೇ ಇಟ್ಟಿದ್ದಳು. ಅಣ್ಣನದು ಔಷಧಿ ಅಂಗಡಿ. ಬಂದ ಗಿರಾಕಿಗಳಿಗೆಲ್ಲ ಬೇಡವೆಂದರೂ ಬುದ್ಧಿ ಹೇಳುವ ಆಸಾಮಿ ಮನೆಯಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದ. ಇನ್ನು ಮೈದುನನೋ, ಜೀವ ಉಳಿಸಿದವಳ ಮುಂದೆ ಒಂದು ತಟ್ಟೆಯ ಮಾತು ಎತ್ತುವುದು ಹೇಗೆಂದು ನಾಲಿಗೆ ತುದಿಗೆ ಬಂದದ್ದನ್ನು ದಿನವೂ ನುಂಗಿಕೊಳ್ಳುತ್ತಿದ್ದ. ಇವತ್ತಲ್ಲ ನಾಳೆ ಅವಳಾಗಿಯೇ "ತಾ ಇಲ್ಲಿ" ಎಂದು ತಟ್ಟೆಯನ್ನು ಕೈಯಿಂದ ತೆಗೆದುಕೊಂಡಾಳು ಎಂಬುದೊಂದೇ ಅವನ ಆಸೆ.

ಹಳೆಯ ಮಷೀನು ಕೈಕೊಟ್ಟದ್ದು ಒಂದು ಸೋಮವಾರ. ತಳ ತುಕ್ಕು ಹಿಡಿದು ನೀರು ನೆಲಕ್ಕೆ ಹರಿಯಿತು. ಮೈದುನ ಅದನ್ನು ಮಗುಚಿ ಹಾಕಿ ನೋಡಿ, "ಇದರ ಕತೆ ಮುಗೀತು ಅಣ್ಣ. ಪಂಪ್ ಬೇಕಾದ್ರೆ ಹೊಸದು ಹಾಕ್ಬಹುದು, ತೂತು ಬಿದ್ದ ತೊಟ್ಟಿಗೆ ಏನು ಮಾಡೋದು?" ಎಂದ.

"ಹಾಗಾದ್ರೆ ನೀನೇ ನಡಿ, ನೋಡಿ ಆರಿಸು. ನಮಗೆ ಅದರ ಗಂಧ ಗಾಳಿ ಗೊತ್ತಿಲ್ಲ" ಎಂದ ಅಣ್ಣ. ಅತ್ತಿಗೆಯೂ ಸೇರಿ ಮೂವರೂ ಹೊರಟರು.

ಅಂಗಡಿಯಲ್ಲಿ ಮಷೀನುಗಳು ಸಾಲಾಗಿ ಬಾಯಿ ತೆರೆದುಕೊಂಡು ನಿಂತಿದ್ದವು. ಟೈ ಕಟ್ಟಿದ ಮಾರಾಟಗಾರ ಮೊದಲು ಕೇಳಿದ ಪ್ರಶ್ನೆ, "ಮನೇಲಿ ಎಷ್ಟು ಜನರ ಪಾತ್ರೆ ಸರ್?"

ಅಣ್ಣ ಹೆಂಡತಿಯ ಮುಖ ನೋಡಿದ. ಮೈದುನನೇ "ನಾಲ್ಕು" ಎಂದ. ತನ್ನನ್ನೂ ಸೇರಿಸಿ ಹೇಳುವಾಗ ಅವನ ಕಿವಿ ಬಿಸಿಯಾಯಿತು.

ಅವನು ಎಲ್ಲವನ್ನೂ ಬಗ್ಗಿ ನೋಡಿದ. ತೊಟ್ಟಿ ಪೂರ್ತಿ ಸ್ಟೀಲೋ, ತಳ ಮಾತ್ರ ಪ್ಲಾಸ್ಟಿಕ್ಕೋ? ಫಿಲ್ಟರ್ ಸುಲಭವಾಗಿ ಕೈಗೆ ಬರುತ್ತದೋ? ಬಿಡಿಭಾಗ ಸಿಗುತ್ತದೋ? ಪಾತ್ರೆ ಎಷ್ಟು ಕೊಳೆಯಾಗಿದೆ ಎಂದು ತಾನೇ ನೋಡಿ ಅಷ್ಟೇ ನೀರು ಎಳೆದುಕೊಳ್ಳುವ ಒಂದು ಮಷೀನು ಅವನ ಮನಸ್ಸಿಗೆ ಹಿಡಿಸಿತು. ಆದರೆ ಅವನ ಕಣ್ಣು ನಿಜವಾಗಿ ನೆಟ್ಟದ್ದು ಅದರ ಗುಂಡಿಗಳಲ್ಲಿ ಕೊನೆಯದಾದ, ಅತಿ ಬಿಸಿನೀರಿನ ಗುಂಡಿಯ ಮೇಲೆ.

ಅತ್ತಿಗೆಯೂ ಅದನ್ನೇ ನೋಡುತ್ತಿದ್ದಳು. "ಇದು ಎಷ್ಟು ಬಿಸಿ ಆಗುತ್ತೆ?"

"ಎಪ್ಪತ್ತು ಡಿಗ್ರಿ ಮೇಡಂ. ಕ್ರಿಮಿ ಅನ್ನೋದು ಉಳಿಯೋ ಮಾತೇ ಇಲ್ಲ."

"ಏನೂ ಉಳಿಯಲ್ವಾ?"

"ಏನೂ ಉಳಿಯಲ್ಲ."

ಅವಳು ಮೈದುನನ ಕಡೆ ತಿರುಗಿ ನಕ್ಕಳು. ಇಷ್ಟು ವರ್ಷ ತಾನು ಕಾದದ್ದು ಇದಕ್ಕೇ, ಈ ಅಂಗಡಿಯ ಹಾಳು ದೀಪಗಳ ಕೆಳಗೇ ಅದು ಆಗಿಹೋಗುತ್ತದೆ ಎಂದುಕೊಂಡ. ಅಳು ಬಂದಂತಾಗಿ ಮಷೀನಿನೊಳಗೆ ತಲೆ ಹಾಕಿ ಏನನ್ನೋ ಪರೀಕ್ಷಿಸುವವನಂತೆ ನಿಂತ.

ತಲೆ ಹೊರತೆಗೆಯುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ. ಮೂಲೆಯಲ್ಲಿದ್ದ ಇನ್ನೊಂದು ಮಷೀನಿನ ಮುಂದೆ ನಿಂತು ಕೈಬೀಸಿ ಕರೆಯುತ್ತಿದ್ದಳು.

"ಇದಕ್ಕೆ ಎರಡು ಡ್ರಾಯರ್ ಮೇಡಂ" ಎನ್ನುತ್ತಿದ್ದ ಮಾರಾಟಗಾರ. "ಮೇಲೊಂದು, ಕೆಳಗೊಂದು. ತೊಟ್ಟಿಯೇ ಬೇರೆ ಬೇರೆ. ಇದರ ನೀರು ಅದಕ್ಕೆ ಸೋಕಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಹದಿನೈದು ವರ್ಷಕ್ಕೆ ಮೋಸ ಇಲ್ಲ."

ಅತ್ತಿಗೆಯ ಮುಖ ಅರಳಿತ್ತು. "ನೋಡೋ, ಕೆಳಗಿಂದು ನಿಂಗೆ. ಇನ್ಮೇಲೆ ಚಳೀಲಿ ಬಾಲ್ಕನಿಗೆ ಹೋಗಿ ತೊಳ್ಕೋಬೇಡ. ನಂಗದನ್ನ ನೋಡಕ್ಕಾಗಲ್ಲ ಕಣೋ. ಬೆಲೆ ಜಾಸ್ತಿ ಆದ್ರೂ ಪರವಾಗಿಲ್ಲ."

ಅವಳ ಕಣ್ಣು ಒದ್ದೆಯಾಗಿತ್ತು. ಅವಳ ಪ್ರೀತಿಯಲ್ಲಿ ಸುಳ್ಳಿರಲಿಲ್ಲ, ಅದೇ ಅವನನ್ನು ಕೊಂದದ್ದು. ಬಾಲ್ಕನಿಯ ನಲ್ಲಿಯಾದರೆ ಇವತ್ತಿದ್ದು ನಾಳೆ ತಪ್ಪಬಹುದಾದದ್ದು. ಇದು ಹಾಗಲ್ಲ. ಗ್ಯಾರಂಟಿ ಕಾರ್ಡಿನ ಸಮೇತ ಮನೆಗೆ ಬಂದು, ಗೋಡೆಗೆ ಪೈಪು ಜೋಡಿಸಿಕೊಂಡು ಹದಿನೈದು ವರ್ಷ ಕೂರುವಂಥದ್ದು. ಅದರ ಎರಡು ಫಿಲ್ಟರುಗಳನ್ನೂ ತಾನೇ ಉಜ್ಜಬೇಕು.

"ಬೇಡ ಅತ್ತಿಗೆ."

"ಯಾಕೋ?"

"ಒಂದೇ ತೊಟ್ಟಿಯದ್ದನ್ನ ತಗೊಳ್ಳಿ. ನನ್ನ ತಟ್ಟೆ ನಾನು ಕೈಯಲ್ಲೇ ತೊಳ್ಕೋತೀನಿ, ಸಾಯೋವರೆಗೂ ತೊಳ್ಕೋತೀನಿ. ಆದ್ರೆ ಇದನ್ನ ಮಾತ್ರ ಮನೆಗೆ ತರಬೇಡಿ. ನಂಗೆ ವಾಸಿಯಾಗಿದೆ ಅತ್ತಿಗೆ."

ಮಾರಾಟಗಾರ ಮೆಲ್ಲನೆ ಬೇರೆ ಗಿರಾಕಿಯ ಕಡೆ ಜಾರಿಕೊಂಡ. ಅಣ್ಣ ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತ ನಿಂತ.

"ಗೊತ್ತು" ಎಂದಳು ಅತ್ತಿಗೆ. "ಡಾಕ್ಟರು ಹೇಳಿದ್ದು ನಂಗೂ ಕೇಳಿಸಿದೆ. ತಲೆಗೆ ಗೊತ್ತು ಕಣೋ. ಕೈ ಬರಲ್ಲ."

ಒಂದೇ ತೊಟ್ಟಿಯ ಮಷೀನು ಮನೆಗೆ ಬಂತು. ಮೈದುನ ಒಂದು ಮಧ್ಯಾಹ್ನ ರಜೆ ಹಾಕಿ ತಾನೇ ಪೈಪು ಜೋಡಿಸಿದ, ಮಟ್ಟ ನೋಡಿ ಕಾಲುಗಳನ್ನು ತಿರುಗಿಸಿದ, ನೀರಿನ ಗಡಸು ಇಳಿಸುವ ಉಪ್ಪು ತುಂಬಿ ಒಮ್ಮೆ ಖಾಲಿ ಓಡಿಸಿದ. ಅಣ್ಣ ಅಂಗಡಿಯಲ್ಲಿದ್ದ, ಮಗಳು ಶಾಲೆಯಲ್ಲಿದ್ದಳು. ಮಷೀನಿನ ಅಂಗಡಿಯಲ್ಲಿ ಆಡಿದ ಆ ಮಾತಿನ ನಂತರ ಅತ್ತಿಗೆ ಮೈದುನರ ನಡುವೆ ಊಟ ತಿಂಡಿಯ ಮಾತು ಬಿಟ್ಟು ಬೇರೆ ನಡೆದಿರಲಿಲ್ಲ. ಹೇಳಬಾರದಿತ್ತೇನೋ ಎಂದು ಅವನಿಗೆ ಅನಿಸುತ್ತಿತ್ತು. ಹೇಳಿದ್ದಕ್ಕೆ ಮನಸ್ಸು ಹಗುರವೂ ಆಗಿತ್ತು.

ಅವನು ಮಧ್ಯಾಹ್ನದ ಪಾತ್ರೆಗಳನ್ನು ಜೋಡಿಸಿ ಬಾಗಿಲು ಹಾಕಲು ಹೋದಾಗ ಅತ್ತಿಗೆ "ತಾಳು" ಎಂದಳು. ಕಿಟಕಿಯ ಕಡೆ ನಡೆದು ಗೂಡಿನಿಂದ ಅವನ ತಟ್ಟೆಯನ್ನು ತೆಗೆದಳು. ಎರಡು ಬೆರಳಿನಲ್ಲಿ ಅಂಚು ಹಿಡಿದುಕೊಂಡು, ತುಂಬಿದ ಬಿಂದಿಗೆ ತರುವವಳಂತೆ ಮೆಲ್ಲಗೆ ಬಂದು ಕೆಳಗಿನ ಸಾಲಿಗೆ ಇಳಿಸಿದಳು. ಇಳಿಸಿದ್ದು ತೀರಾ ಮೂಲೆಗೆ. ಅದಕ್ಕೂ ಮನೆಯವರ ತಟ್ಟೆಗಳಿಗೂ ನಡುವೆ ಎರಡು ಸಂದಿ ಖಾಲಿ ಬಿಟ್ಟಳು.

ಅವನಿಗೆ ಒಂದು ಗಳಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ನೀರು ತಿರುಗತೊಡಗಿದರೆ ಎಲ್ಲ ತಟ್ಟೆಗಳ ಮೇಲೂ ಅದೇ ನೀರು, ಮತ್ತೆ ಮತ್ತೆ ಅದೇ ನೀರು. ಆ ಎರಡು ಸಂದಿಗೆ ಮೂರು ಕಾಸಿನ ಅರ್ಥವಿಲ್ಲ. ಇದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೇಳಲು ಬಾಯಿ ತೆರೆದವನು ಅವಳ ಕೈ ನೋಡಿದ. ತಟ್ಟೆ ಹಿಡಿದಿದ್ದ ಆ ಎರಡು ಬೆರಳು ಇನ್ನೂ ಬಿಗಿದುಕೊಂಡೇ ಇದ್ದವು. ಅವನು ತಟ್ಟೆಯನ್ನು ಅಲ್ಲಾಡಿಸದೆ ಬಾಗಿಲು ಮುಚ್ಚಿ ಗುಂಡಿ ಒತ್ತಿದ.

ನೀರು ತುಂಬುವ ಸದ್ದು ಬಂತು. ಅತ್ತಿಗೆ ಮಷೀನಿನ ಎದುರಿಗೆ ನೆಲದ ಮೇಲೆ ಕೂತಳು.

"ಎಷ್ಟು ಹೊತ್ತು ಆಗುತ್ತೆ?"

"ಎರಡು ಗಂಟೆ ಮೇಲೇ ಆಗುತ್ತೆ. ನೀವು ಹೋಗಿ ಮಲ್ಕೊಳ್ಳಿ ಅತ್ತಿಗೆ."

"ಒಬ್ಬಳೇ ಇದ್ರೆ ಮಧ್ಯದಲ್ಲೇ ಬಂದು ತಟ್ಟೆ ತೆಗೆದುಬಿಡ್ತೀನೇನೋ ಅಂತ ಭಯ ಕಣೋ. ನೀನೂ ಇಲ್ಲೇ ಇರು."

ಅವನು ಅವಳೆದುರಿಗೆ, ಮಷೀನಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತ.